ಓನರ್ ಆಂಟಿಯ ದನಿ

ನಮ್ಮ ಓನರ್ ಆಂಟಿಯ ಎಡಗಣ್ಣಿನ ಬಿಳಿಯಲ್ಲಿ ಎಳ್ಳಿನ ಗಾತ್ರದ ಒಂದು ಕಂದು ಮಚ್ಚೆ ಇತ್ತು. ಸಿಟ್ಟು ಬಂದಾಗ ಅವರು ಕಣ್ಣು ಅಗಲಿಸುತ್ತಿದ್ದರು, ಆಗ ಮಚ್ಚೆ ಪೂರ್ತಿ ಕಾಣುತ್ತಿತ್ತು. ಸಿಟ್ಟು ಬರದ ದಿನ ಕಡಿಮೆ. ಮೋಟರ್ ಆಫ್ ಮಾಡಲು ಮರೆತರೆ, ಗೇಟಿನ ಚಿಲಕ ಹಾಕದೆ ಹೋದರೆ, ಸೊಪ್ಪಿನವನು ಬಾಡಿದ ಕಟ್ಟನ್ನು ನಡುವೆ ಸೇರಿಸಿ ಕೊಟ್ಟರೆ, ಭದ್ರಾವತಿಯ ಜನ್ನಾಪುರದ ನಮ್ಮ ಬೀದಿಯ ಆ ತುದಿಯವರೆಗೂ ಅವರ ದನಿ ಕೇಳುತ್ತಿತ್ತು.

ಅವರ ಮನೆಯ ಮಹಡಿಗೆ ನಾವು ಬಾಡಿಗೆಗೆ ಬಂದಾಗ ನಾನು ತುಂಬು ಗರ್ಭಿಣಿ. ನನ್ನ ಗಂಡ ಲಾರಿ ಓಡಿಸುವವರು, ವಾರಗಟ್ಟಲೆ ಊರಿನಲ್ಲಿ ಇರುತ್ತಿರಲಿಲ್ಲ. ನಾನೋ ಹುಟ್ಟಾ ಪುಕ್ಕಲಿ, ಗುಡುಗಿದರೂ ಮಂಚ ಹಿಡಿದುಕೊಳ್ಳುವವಳು. ನೋವು ಶುರುವಾದ ದಿನ ಆಟೋದಲ್ಲಿ ನನ್ನ ಪಕ್ಕ ಕೂತದ್ದು ಆಂಟಿ. ಭಯ ಆಗ್ತಿದೆ ಅಂದೆ. ಬೇರೆ ಯಾರಾಗಿದ್ದರೂ ಹೆದರಬೇಡ ಅನ್ನುತ್ತಿದ್ದರು. ಆಂಟಿ ಹಾಗೆ ಅನ್ನಲಿಲ್ಲ.

"ಆಗ್ಲಿ ಬಿಡು. ಹೆದರ್ಕೊಂಡೇ ಹೆರು ಮಾರಾಯ್ತಿ. ಹೆದರ್ಕೋಬಾರ್ದು ಅಂತ ನಿಂಗ್ಯಾರು ಹೇಳಿದ್ದು?"

ಮಗಳು ಹುಟ್ಟಿದ ಮೇಲೆ ನಾನು ಮತ್ತೆ ಶಿವಮೊಗ್ಗದ ಆಡಿಟರ್ ಆಫೀಸಿನ ಕೆಲಸಕ್ಕೆ ಹೋಗತೊಡಗಿದೆ. ಬೆಳಿಗ್ಗೆ ಮಗುವನ್ನು ಕೆಳಗೆ ಕೊಟ್ಟು ಬಸ್ ಹತ್ತಿದರೆ ಸಂಜೆಯವರೆಗೆ ಅವಳು ಆಂಟಿಯ ಸೊಂಟದ ಮೇಲೆ. ಅವರಿಗೆ ಮಕ್ಕಳಿರಲಿಲ್ಲ. ಅಂಕಲ್ ಕಾರ್ಖಾನೆಯಿಂದ ನಿವೃತ್ತಿಯಾಗಿದ್ದ, ಮಾತು ಕಡಿಮೆಯ ಮನುಷ್ಯ. ಇಬ್ಬರ ಪಾಲಿನ ಮಾತನ್ನೂ ಆಂಟಿಯೇ ಆಡುತ್ತಿದ್ದರು.

ಕಾಯಿಲೆ ಶುರುವಾದದ್ದು ಬೆರಳಿನಿಂದ. ಡಬ್ಬದ ಮುಚ್ಚಳ ತೆಗೆಯಲು ಬರುತ್ತಿಲ್ಲ ಅಂತ ಡಬ್ಬವನ್ನೇ ಬೈದರು. ಆಮೇಲೆ ಮಾತು ತೊದಲತೊಡಗಿತು. ಒಮ್ಮೆ ಬಸ್ಸಿನಲ್ಲಿ ಟಿಕೆಟ್ ಕೇಳಿದಾಗ ಕಂಡಕ್ಟರ್ ಕುಡಿದಿದ್ದಾರೇನೋ ಅಂತ ಇವರ ಮುಖದ ಹತ್ತಿರ ಬಗ್ಗಿ ಮೂಸಿದನಂತೆ. ಆ ದಿನದಿಂದ ಬಸ್ಸು ಬಿಟ್ಟರು. ಡಾಕ್ಟರು ಹೇಳಿದ್ದನ್ನು ನನಗೆ ತಿಳಿಸಿದ್ದೂ ಅವರೇ. ಮೈಯ ಸ್ನಾಯುಗಳು ಒಂದೊಂದಾಗಿ ಕೈಬಿಡುತ್ತವೆ, ಮದ್ದಿಲ್ಲ, ಬುದ್ಧಿ ಮಾತ್ರ ಹಾಗೇ ಇರುತ್ತದೆ, ಕಣ್ಣಿನ ಆಟ ಕೊನೆಯವರೆಗೂ ಉಳಿಯುತ್ತದೆ. ಸಾಯೋದಕ್ಕೆ ನಂಗೇನೂ ಭಯ ಇಲ್ಲ ಅಂದರು. ಆಮೇಲೆ ಕಷ್ಟಪಟ್ಟು ಒಂದೊಂದೇ ಶಬ್ದ ಜೋಡಿಸಿದರು.

"ಕರೆಯಕ್ಕೆ ಆಗದೇ ಹೋದ್ರೆ ಏನ್ ಮಾಡ್ಲಿ?"

ಅವರ ಮುಖದಲ್ಲಿ ನಾನು ಹೆದರಿಕೆ ಕಂಡದ್ದು ಅದೇ ಮೊದಲು.

ಮಗಳು ಸ್ಕೂಲಿಗೆ ಹೋಗುವ ಹೊತ್ತಿಗೆ ಆಂಟಿ ಒರಗುವ ಕುರ್ಚಿಯಿಂದ ಏಳಲಾಗದಂತೆ ಆಗಿದ್ದರು. ಮಾತು ಪೂರ್ತಿ ನಿಂತಿತ್ತು. ಶಿವಮೊಗ್ಗದ ಮಾತಿನ ಡಾಕ್ಟರಮ್ಮ ಒಂದು ಸಾಧನ ತರಿಸಿಕೊಟ್ಟರು. ಕಂಪ್ಯೂಟರ್ ಪರದೆಯ ಕೆಳಗೆ ಅಂಟಿಸುವ ಕ್ಯಾಮೆರಾ ಪಟ್ಟಿ. ಪರದೆಯ ಮೇಲಿನ ಯಾವ ಅಕ್ಷರದ ಮೇಲೆ ಕಣ್ಣು ನಿಲ್ಲುತ್ತದೋ ಆ ಅಕ್ಷರ ಮೂಡುತ್ತದೆ. ವಾಕ್ಯ ಮುಗಿದ ಮೇಲೆ ಯಂತ್ರ ಅದನ್ನು ಗಟ್ಟಿಯಾಗಿ ಓದುತ್ತದೆ. ಮೂಲೆಯಲ್ಲೊಂದು ಕೆಂಪು ಚೌಕ. ಅದನ್ನು ನೋಡಿದರೆ ಮನೆಯಲ್ಲಿ ಗಂಟೆ ಹೊಡೆದು, ನನ್ನ ಫೋನಿಗೂ ಅಂಕಲ್ ಫೋನಿಗೂ ಸುದ್ದಿ ಬರುತ್ತದೆ. ಯಂತ್ರದ ಹೆಣ್ಣುದನಿಯಲ್ಲಿ ಆಂಟಿ ಆಡಿದ ಮೊದಲ ಮಾತು, ಮೇಲಿನ ಟ್ಯಾಂಕ್ ತೊಳೆಸಿ ಎಷ್ಟು ದಿನ ಆಯಿತು ಎಂಬುದು. ಅಂಕಲ್ ನಗುತ್ತ ಅಳುತ್ತ ಟ್ಯಾಂಕಿಗೆ ಏಣಿ ಹಾಕಿದರು. ದಿನಾ ಮಧ್ಯಾಹ್ನ ನನ್ನ ಫೋನಿಗೆ ಆಂಟಿಯ ಮೆಸೇಜು ಬರತೊಡಗಿತು. ಊಟ ಆಯ್ತಾ, ಪಲ್ಯ ಏನು.

ಆ ಸಾಧನವನ್ನು ನಡೆಸುವ ಪ್ರೋಗ್ರಾಂನದು ಒಂದೇ ತೊಂದರೆ. ಅದಕ್ಕೆ ಕಂಪ್ಯೂಟರಿನ ಅಡ್ಮಿನಿಸ್ಟ್ರೇಟರ್ ಹಕ್ಕು, ಅಂದರೆ ಒಳಗಿನದನ್ನೆಲ್ಲ ಮುಟ್ಟುವ ಹಕ್ಕು, ಬೇಕು. ಕರೆಂಟು ಬಂದ ಕೂಡಲೇ ಕಂಪ್ಯೂಟರ್ ಪಾಸ್‌ವರ್ಡ್ ಕೇಳದೆ ತಾನೇ ಶುರುವಾಗುತ್ತಿತ್ತು, ಆದರೆ ಈ ಹಕ್ಕಿಗಾಗಿ ಪ್ರತಿ ಸಲವೂ ಪರದೆ ಮಬ್ಬಾಗಿ, ಈ ಪ್ರೋಗ್ರಾಂಗೆ ಅನುಮತಿ ಕೊಡುತ್ತೀರಾ, ಹೌದೋ ಇಲ್ಲವೋ ಎಂದು ಕೇಳುತ್ತಿತ್ತು. ಯಾರಾದರೂ ಮೌಸ್ ಹಿಡಿದು ಹೌದು ಒತ್ತಬೇಕು. ಕಣ್ಣಿನಿಂದ ಒತ್ತುವಂತಿಲ್ಲ, ಕಣ್ಣನ್ನು ಓದುವ ಪ್ರೋಗ್ರಾಂ ಶುರುವಾಗುವುದೇ ಆಮೇಲೆ. ದಿನಾ ಬೆಳಿಗ್ಗೆ ಅಂಕಲ್ ಒತ್ತುತ್ತಿದ್ದರು. ಅದು ಹಲ್ಲುಜ್ಜುವಷ್ಟೇ ರೂಢಿಯಾಗಿತ್ತು.

ಬೇಸಿಗೆಯ ಒಂದು ಮಧ್ಯಾಹ್ನ ಆಂಟಿಯ ಮೆಸೇಜು ಬರಲಿಲ್ಲ.

ಮಲಗಿರಬಹುದು ಅಂದುಕೊಂಡೆ. ಡಬ್ಬಿ ತೆರೆದೆ, ಮತ್ತೆ ಮುಚ್ಚಿಟ್ಟೆ. ಅಂಕಲ್‌ಗೆ ಫೋನ್ ಮಾಡಿದೆ, ಎತ್ತಲಿಲ್ಲ. ಅವರು ಆ ದಿನ ಔಷಧಿ ತರಲು ಶಿವಮೊಗ್ಗಕ್ಕೇ ಬಂದಿದ್ದರು. ಹಗಲು ಆಂಟಿಯನ್ನು ನೋಡಿಕೊಳ್ಳುತ್ತಿದ್ದ ಹೆಂಗಸಿಗೆ ಮಾಡಿದೆ, ಅವಳೂ ಎತ್ತಲಿಲ್ಲ. ಆಫೀಸಿನಲ್ಲಿ ಏನು ಹೇಳಿ ಹೊರಟೆನೋ ನೆನಪಿಲ್ಲ. ಭದ್ರಾವತಿ ಬಸ್ಸಿನ ಬಾಗಿಲ ಹತ್ತಿರದ ಸೀಟಿನ ತುದಿಯಲ್ಲಿ ಕೂತೆ. ಕೈ ಅಡ್ಡ ಹಿಡಿದವರಿಗೆಲ್ಲ ಡ್ರೈವರ್ ಬಸ್ಸು ನಿಲ್ಲಿಸುತ್ತಿದ್ದ. ಇಳಿದು ಓಡೋಣ ಎನ್ನಿಸುತ್ತಿತ್ತು, ಓಡಿದರೆ ಬಸ್ಸಿಗಿಂತ ಬೇಗ ಹೋಗಬಹುದು ಎನ್ನುವ ಹಾಗೆ.

ಮನೆಗೆ ಹೊರಗಿನಿಂದ ಚಿಲಕ ಹಾಕಿತ್ತು. ಒಳಗೆ ಫ್ಯಾನು ತಿರುಗುತ್ತಿತ್ತು. ಆಂಟಿಯ ತಲೆ ದಿಂಬಿನಿಂದ ಜಾರಿ ಭುಜದ ಮೇಲೆ ವಾಲಿತ್ತು. ಬಾಯಲ್ಲಿ ಜೊಲ್ಲು ತುಂಬಿ ಉಸಿರಿನ ಜೊತೆ ಗೊರಗೊರ ಅನ್ನುತ್ತಿತ್ತು. ತುಟಿ ನೀಲಿಗೆ ತಿರುಗಿತ್ತು. ಕಣ್ಣು ಮಾತ್ರ ತೆರೆದೇ ಇದ್ದು ನನ್ನ ಕಡೆ ಹೊರಳಿತು. ತಲೆ ಎತ್ತಿ ನೇರ ಮಾಡಿದೆ. ಜೊಲ್ಲು ಎಳೆಯುವ ಯಂತ್ರದ ನಳಿಕೆಯನ್ನು ಬಾಯಿಗೆ ಇಡುವಾಗ ಅದು ಅವರ ಹಲ್ಲಿಗೆ ತಗುಲಿ ಟಕಟಕ ಸದ್ದಾಯಿತು. ತುಟಿಗೆ ಬಣ್ಣ ಮರಳುವವರೆಗೆ ತಲೆಯನ್ನು ಕೈಯಲ್ಲಿ ಹಿಡಿದೇ ಇದ್ದೆ.

ಪರದೆಯಲ್ಲಿ ಹೂವಿನ ಚಿತ್ರ ಬಿಟ್ಟರೆ ಏನೂ ಇರಲಿಲ್ಲ. ಪ್ರೋಗ್ರಾಂ ತೆರೆದು ಹೌದು ಒತ್ತಿದೆ. ಆಂಟಿ ಬಹಳ ಹೊತ್ತು ಅಕ್ಷರ ಹುಡುಕಿದರು. ಕೊನೆಗೆ ಯಂತ್ರ ಏರಿಳಿತವಿಲ್ಲದ ದನಿಯಲ್ಲಿ ಓದಿತು.

"ಕರೆಂಟು ಹೋಗಿ ಬಂತು. ಪ್ರಶ್ನೆ ಕೇಳ್ತು. ಹೌದು ಹೌದು ಅಂತ ನೋಡ್ತಾನೇ ಇದ್ದೆ. ಸ್ವಲ್ಪ ಹೊತ್ತು ಕಾದು ಹೊರಟುಹೋಯ್ತು."

ಆ ಮಾತು ಇವತ್ತೂ ನನ್ನ ಕಿವಿಯಲ್ಲಿದೆ.

ಆಂಟಿಯನ್ನು ನೋಡಿಕೊಳ್ಳುತ್ತಿದ್ದ ಹೆಂಗಸು ಅಳುತ್ತ ಬಂದಳು. ಸ್ಕೂಲಿನಲ್ಲಿ ಅವಳ ಮಗ ಬಿದ್ದು ತಲೆ ಒಡೆದುಕೊಂಡಿದ್ದ. ಗಂಟೆ ಇದೆಯಲ್ಲ, ಬೇಕಾದರೆ ಅಂಕಲ್‌ಗೆ ಸುದ್ದಿ ಹೋಗುತ್ತದೆ ಅಂತ ಅವಳು ಓಡಿದ್ದಳು. ಅಷ್ಟರಲ್ಲಿ ವಾಪಸು ಬಂದಿದ್ದ ಅಂಕಲ್ ಅವಳ ಮೇಲೆ ಕೂಗಾಡುವುದಕ್ಕೆ ಬಾಯಿ ತೆಗೆದರು. ಆಂಟಿ ಮೊದಲು ಮಗುವಿಗೆ ಹೊಲಿಗೆ ಎಷ್ಟು ಹಾಕಿದರು ಅಂತ ಕೇಳಿದರು.

ಮರುದಿನ ನಾನು ಶಿವಮೊಗ್ಗದ ಕೋಟೆ ಕಡೆ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದ ಭಾಯ್ ಹತ್ತಿರ ಹೋದೆ. ಆ ಪ್ರಶ್ನೆಯನ್ನೇ ಪೂರ್ತಿ ಕಿತ್ತುಹಾಕಬಹುದಲ್ಲ ಅಂದೆ. ಬೇಡ ಅಂದರು, ಅದನ್ನು ಕಿತ್ತರೆ ವೈರಸ್ಸಿಗೂ ಬಾಗಿಲು ತೆರೆದ ಹಾಗೆ, ಒಂದು ದಿನ ಇಡೀ ಯಂತ್ರವೇ ಕೈಕೊಡುತ್ತದೆ. ಬದಲಿಗೆ ಟಾಸ್ಕ್ ಶೆಡ್ಯೂಲರ್ ಎಂಬ ಜಾಗ ತೋರಿಸಿದರು. ಅಲ್ಲಿ ಆ ಒಂದು ಪ್ರೋಗ್ರಾಂ ಹೆಸರಿನಲ್ಲಿ ಕೆಲಸವೊಂದನ್ನು ಬರೆದಿಟ್ಟು, ಲಾಗಿನ್ ಆದ ಕೂಡಲೇ ಪೂರ್ಣ ಹಕ್ಕಿನೊಂದಿಗೆ ನಡೆಸು ಎಂದು ಟಿಕ್ ಮಾಡಿದರೆ, ಅನುಮತಿಯನ್ನು ಒಂದೇ ಸಲ ಕೊಟ್ಟಂತೆ. ಆಮೇಲೆ ಅದು ಯಾರನ್ನೂ ಕೇಳುವುದಿಲ್ಲ. ಪಾಸ್‌ವರ್ಡ್ ಕೇಳದೆ ತಾನೇ ಲಾಗಿನ್ ಆಗುವುದನ್ನು ಈಗಿರುವ ಹಾಗೇ ಬಿಡಬೇಕು.

ಭಾನುವಾರ ಆಂಟಿಯ ಪಕ್ಕ ಕೂತು ನಾನೇ ಎಲ್ಲ ಮಾಡಿದೆ. ಪಾಸ್‌ವರ್ಡಂತೂ ಇಲ್ಲ, ಇನ್ನು ಅನುಮತಿಯನ್ನೂ ಕೇಳದಿದ್ದರೆ ಕಳ್ಳರು ಬಂದರೇನು ಗತಿ ಅಂತ ಅಂಕಲ್ ಕೇಳಿದರು. ಬಂದ ಕಳ್ಳನಿಗೆ ನಾನು ಕಾಫಿ ಬೇಕಾ ಅಂತ ಕೇಳ್ತೀನಿ ಬಿಡ್ರಿ ಅಂದರು ಆಂಟಿ. ಆದರೆ ಅವರ ಕಣ್ಣು ನನ್ನ ಮೌಸ್ ಹೋದಲ್ಲೆಲ್ಲ ಬರುತ್ತಿತ್ತು. ನಾನು ಮುಗಿಯಿತು ಅಂತ ಪುಟ ಮುಚ್ಚಲು ಹೋದಾಗ ಯಂತ್ರ ಮಾತಾಡಿತು.

"ತಡಿ. ಅದೇನು ಮೂರು ದಿನ?"

ನೋಡಿದೆ. ಮೂರು ದಿನಕ್ಕಿಂತ ಹೆಚ್ಚು ನಡೆದರೆ ಈ ಕೆಲಸವನ್ನು ನಿಲ್ಲಿಸು ಎಂಬ ಸಾಲಿನ ಮುಂದೆ ಮೊದಲಿನಿಂದಲೇ ಟಿಕ್ ಇತ್ತು. ಕಂಪ್ಯೂಟರನ್ನು ಇನ್ನು ರಾತ್ರಿಯೂ ಆಫ್ ಮಾಡುವುದಿಲ್ಲ ಎಂದುಕೊಂಡಿದ್ದೆವು, ಆ ಟಿಕ್ ಹಾಗೇ ಉಳಿದಿದ್ದರೆ ನಾಲ್ಕನೇ ದಿನ ಯಾವುದೋ ಹೊತ್ತಿನಲ್ಲಿ ಆಂಟಿಯ ದನಿ ತನ್ನಷ್ಟಕ್ಕೆ ಆರಿಹೋಗುತ್ತಿತ್ತು. ಟಿಕ್ ತೆಗೆದು ಮತ್ತೆ ಮೊದಲಿನಿಂದ ಪ್ರತಿ ಸಾಲನ್ನೂ ಇಬ್ಬರೂ ಓದಿದೆವು.

ಇನ್ನು ಪರೀಕ್ಷೆ. ಕಂಪ್ಯೂಟರ್ ಒಮ್ಮೆ ಆಫ್ ಮಾಡಿ ಆನ್ ಮಾಡೋಣ ಅಂದೆ. ಆಂಟಿ ಒಪ್ಪಲಿಲ್ಲ. ಮೇನ್ ಸ್ವಿಚ್ ತೆಗೆಯಿರಿ, ನೀವೆಲ್ಲ ಹೊರಗೆ ಹೋಗಿ ಬಾಗಿಲು ಹಾಕಿಕೊಳ್ಳಿ, ಅವತ್ತು ಹೇಗಿತ್ತೋ ಹಾಗೇ ಆಗಬೇಕು ಅಂದರು. ಅಂಕಲ್ ಆಗಲ್ಲ ಅಂದರು. ನಾನೂ ಆಗಲ್ಲ ಅಂದೆ. ಆಂಟಿ ಕಣ್ಣು ಅಗಲಿಸಿ ನೋಡಿದರು.

"ನಂಗೂ ಹೆದ್ರಿಕೆ. ಹೆದರ್ಕೊಂಡೇ ಮಾಡೋಣ, ನಡೀರಿ."

ನಾವು ಹೊರಗೆ ಬಂದೆವು. ಅಂಕಲ್ ಬಾಗಿಲು ಎಳೆದುಕೊಂಡರು. ಮೀಟರ್ ಪೆಟ್ಟಿಗೆ ವೆರಾಂಡದಲ್ಲೇ ಇತ್ತು, ನಾನು ಮೇನ್ ಇಳಿಸಿದೆ. ಒಳಗೆ ಫ್ಯಾನಿನ ಸದ್ದು ನಿಧಾನವಾಗಿ ಸತ್ತಿತು. ಕಂಪ್ಯೂಟರಿನ ಯುಪಿಎಸ್ ಬ್ಯಾಟರಿ ಮುಗಿಯುವವರೆಗೆ ಕೂಗಿ ಸುಮ್ಮನಾಯಿತು. ಮೇನ್ ಎತ್ತಿದೆ. ಫ್ಯಾನು ತಿರುಗತೊಡಗಿತು. ಅಷ್ಟೇ. ಎದುರು ಮನೆಯವರು ಕುಕ್ಕರ್ ಇಟ್ಟಿದ್ದರು, ಅದು ಕೂಗಿತು. ಬೀದಿಯಲ್ಲಿ ಸ್ಕೂಟರೊಂದು ಹೋಯಿತು. ಅಂಕಲ್ ಚಿಲಕದ ಮೇಲಿಂದ ಕೈ ತೆಗೆಯಲಿಲ್ಲ. ಒಳಗೆ ಆ ತಲೆ ಮತ್ತೆ ಜಾರಿರಬಹುದು, ಪರದೆಯಲ್ಲಿ ಬರೀ ಹೂವಿನ ಚಿತ್ರ ಇರಬಹುದು. ಬಾಗಿಲು ತೆಗೀರಿ ಅಂಕಲ್ ಎನ್ನಲು ಬಾಯಿ ತೆರೆದೆ.

ಆಗ ಒಳಗಿನಿಂದ ಕೇಳಿಸಿತು.

"ಒಳಗೆ ಬನ್ನಿ. ಬಿಸಿಲು."

ಅಂಕಲ್ ಮೆಟ್ಟಿಲ ಮೇಲೆ ಕುಸಿದು ಕೂತು ಟವೆಲಿನಲ್ಲಿ ಮುಖ ಮುಚ್ಚಿಕೊಂಡರು.

ಆಮೇಲೆ ಕರೆಂಟು ಎಷ್ಟೋ ಸಲ ಹೋಯಿತು, ಬಂತು. ಆಂಟಿಯ ದನಿ ಒಮ್ಮೆಯೂ ತಪ್ಪಲಿಲ್ಲ. ಉಸಿರು ಸೋಲತೊಡಗಿದಾಗ ಗಂಟಲಿಗೆ ತೂತು ಮಾಡಿ ಉಸಿರಾಟದ ಯಂತ್ರಕ್ಕೆ ಹಾಕೋಣ ಅಂದ ಡಾಕ್ಟರಿಗೆ, ಬೇಡ, ನಾನು ಮನೆಯಲ್ಲಿರುತ್ತೇನೆ ಎಂದು ಅವರೇ ಹೇಳಿದರು. ಅವರ ಪರವಾಗಿ ಯಾರೂ ಊಹಿಸಿ ಹೇಳಬೇಕಾಗಲಿಲ್ಲ. ಒಂದು ಬೆಳಿಗ್ಗೆ, ಹಾಲು ಉಕ್ಕುತ್ತೆ ನೋಡ್ರಿ ಅಂತ ಅಂಕಲ್‌ರನ್ನು ಅಡಿಗೆಮನೆಗೆ ಕಳಿಸಿದರಂತೆ. ಅವರು ಕಾಫಿ ಸೋಸಿಕೊಂಡು ಬರುವಷ್ಟರಲ್ಲಿ ಉಸಿರು ನಿಂತಿತ್ತು.

ಅದೇ ಮಾತಿನ ಡಾಕ್ಟರಮ್ಮ ಈಗ ಒಮ್ಮೊಮ್ಮೆ ನನಗೆ ಫೋನ್ ಮಾಡಿ, ಈ ಸಾಧನ ಹೊಸದಾಗಿ ಬಂದ ಮನೆಗೆ ಹೋಗಿ ಎಲ್ಲ ಸರಿಮಾಡಿಕೊಟ್ಟು ಬನ್ನಿ ಅನ್ನುತ್ತಾರೆ. ಕಳೆದ ತಿಂಗಳು ಹೊಳಲೂರಿನ ಒಂದು ಮನೆಗೆ ಹೋಗಿದ್ದೆ. ಟ್ರ್ಯಾಕ್ಟರ್ ಓಡಿಸುತ್ತಿದ್ದವರಂತೆ, ನನ್ನ ಗಂಡನ ವಯಸ್ಸು, ಅದೇ ಕಾಯಿಲೆ, ಅದೇ ಪ್ರೋಗ್ರಾಂ. ಎಲ್ಲ ಸಾಲು ಓದಿ, ಎಲ್ಲ ಟಿಕ್ ನೋಡಿ, ಕೊನೆಗೆ ಅವರನ್ನು ಒಳಗೆ ಒಬ್ಬರನ್ನೇ ಬಿಟ್ಟು ನಾವು ಹೊರಗೆ ನಿಲ್ಲಬೇಕು ಅಂತ ಅವರ ಹೆಂಡತಿಗೆ ಹೇಳಿದೆ. ಆಕೆ ಬಾಗಿಲಲ್ಲೇ ನಿಂತು, ಹೀಗೆ ಮಾಡೋದು ಯಾರು ಕಲಿಸಿದ್ದು ಅಂತ ಕೇಳಿದರು. ನಮ್ಮ ಓನರ್ ಆಂಟಿ, ಅವರಿಗೂ ಇದೇ ಕಾಯಿಲೆ ಇತ್ತು ಅಂದೆ.

"ಈಗ ಹೆಂಗಿದಾರೆ ಅವ್ರು?"

ಬಾಗಿಲು ತೆರೆದೇ ಇತ್ತು. ಒಳಗೆ ಆತ ಕೇಳಿಸಿಕೊಳ್ಳುತ್ತಿದ್ದರು. ಚೆನ್ನಾಗಿದ್ದಾರೆ ಅನ್ನುವುದು ನಾಲಗೆಯ ತುದಿಯವರೆಗೆ ಬಂದಿತ್ತು.

"ತೀರ್ಕೊಂಡ್ರು," ಅಂದೆ. "ಆ ದಿನ ಬೆಳಿಗ್ಗೆವರೆಗೂ ಮಾತಾಡ್ತಾ ಇದ್ರು."

ಆಕೆ ಒಳಗೆ ಹೋಗಿ ಗಂಡನ ತಲೆ ದಿಂಬಿನ ಮೇಲೆ ನೇರವಾಗಿದೆಯೇ ನೋಡಿ, ಹೊರಗೆ ಬಂದು, ತಾವೇ ಬಾಗಿಲು ಎಳೆದುಕೊಂಡರು.

"ಮೇನ್ ತೆಗೀರಿ ಅಕ್ಕ," ಅಂದರು.