ಗುರುಗುಟ್ಟುವುದನ್ನು ಬಿಟ್ಟ ನಾಯಿ

ಬೆಳಿಗ್ಗೆ ಪಕ್ಕದ ಮನೆಯ ಜಗಲಿಯಿಂದ ಹೊಂಗೆ ಎಣ್ಣೆಯ ವಾಸನೆ ಬಂತು. ಅವರ ನಾಯಿಗೆ ಗಾಯವಂತೆ, ಹಚ್ಚುತ್ತಿದ್ದರು. ಆ ವಾಸನೆ ಮೂಗಿಗೆ ತಾಗಿದರೆ ನನಗೆ ಇಂದಿಗೂ ನಮ್ಮ ನಾಯಿ ಬೊಗ್ಗುವಿನದೇ ನೆನಪು.

ಇಪ್ಪತ್ತು ವರ್ಷದ ಹಿಂದಿನ ಮಾತು. ನಮ್ಮ ಊರಿನಲ್ಲಿ ಆಗ ಗದ್ದೆಗಳೇ ಹೆಚ್ಚು. ನಾನು ಶಾಲೆಯ ಮಾಸ್ತರ. ನನ್ನ ತರಗತಿಯಲ್ಲಿ ಮಕ್ಕಳು ಕೆಮ್ಮಲೂ ಹೆದರುತ್ತಾರೆಂಬುದು ನನ್ನ ದೊಡ್ಡ ಹೆಮ್ಮೆ. ಕೆಮ್ಮು ಬಂದ ಮಗು ಏನು ಮಾಡುತ್ತಿತ್ತೋ, ನಾನು ಯೋಚಿಸಿದವನಲ್ಲ.

ಮೂರು ವರ್ಷ ಸಾಧುವಾಗಿದ್ದ ನಮ್ಮ ಬೊಗ್ಗು, ಸೊಂಟದ ಹತ್ತಿರ ಕೈ ಹೋದರೆ ಗುರುಗುಟ್ಟತೊಡಗಿತು. ಅದಕ್ಕೆ ಅನ್ನ ಹಾಕುವವಳು ನನ್ನ ಹೆಂಡತಿ ಸುಶೀಲೆ.

"ಅದಕ್ಕೆ ಎಂತದೋ ನೋವುಂಟು. ನೀವು ಹಿಡ್ಕೊಳ್ಳಿ, ನಾನು ನೋಡಿ ಹೊಂಗೆ ಎಣ್ಣೆ ಹಚ್ತೇನೆ" ಎಂದಳು.

"ನೋವಲ್ಲ, ಸೊಕ್ಕು. ಒಂದು ವಾರದಲ್ಲಿ ಸರಿ ಮಾಡ್ತೇನೆ, ನೋಡು" ಎಂದೆ.

ಶಾಲೆಯ ಬೆತ್ತ ಮನೆಗೂ ಬಂತು. ಬೇಕೆಂದೇ ಸೊಂಟ ಮುಟ್ಟುತ್ತಿದ್ದೆ. ಗುರ್ ಎಂದರೆ ಮೂತಿಯ ಮೇಲೆ ಒಂದೇಟು. ಎಂಟನೆಯ ದಿನ ಬೊಗ್ಗು ಗುರುಗುಟ್ಟಲಿಲ್ಲ. ಕಿವಿ ಹಿಂದಕ್ಕೆ ಮಲಗಿಸಿ, ಮೈ ಬಿಗಿದು ನಿಂತಿತು. ಅದನ್ನು ವಿನಯವೆಂದುಕೊಂಡೆ! ನೆರೆಯ ಶೀನಣ್ಣನನ್ನು ಕರೆದು ತೋರಿಸಿದೆ. "ನಿಮ್ಮ ಕೈ ಭಾರೀ ಉಂಟು ಮಾರಾಯ್ರೆ" ಎಂದರು. ನಾನು ಉಬ್ಬಿಹೋದೆ.

ಮುಂದಿನ ವಾರ, ಜಗಲಿಯಲ್ಲಿ ಅಲಸಂಡೆ ಮುರಿಯುತ್ತ ಕೂತಿದ್ದ ಅಮ್ಮ ಪಕ್ಕದಲ್ಲಿ ಮಲಗಿದ್ದ ಬೊಗ್ಗುವಿನ ಬೆನ್ನು ಸವರಿದರು. ಒಂದು ಸದ್ದಿಲ್ಲ. ಹಲ್ಲು ಅಂಗೈಯೊಳಗೆ ಇಳಿದಿತ್ತು.

"ಗುರ್ ಕೂಡ ಅನ್ನದೆ ಕಚ್ಚಿತಲ್ಲ, ಇದಕ್ಕೆ ಹುಚ್ಚೇ" ಎಂದು ಶೀನಣ್ಣ ಕೋವಿ ತಂದರು.

ಸುಶೀಲೆ ಅಡ್ಡ ನಿಂತಳು. "ಹುಚ್ಚಲ್ಲ. ಹತ್ತು ದಿನ ಕಟ್ಟಿ ಹಾಕಿ ನೋಡುವ."

ಅವಳನ್ನು ಗದರಿ ಒಳಗೆ ಕಳಿಸಿದೆ. ಬೊಗ್ಗುವನ್ನು ತೆಂಗಿನ ಮರಕ್ಕೆ ಕಟ್ಟಿದವನು ನಾನೇ. ಕರೆದದ್ದಕ್ಕೆ ಬಾಲ ಆಡಿಸುತ್ತಲೇ ಬಂದಿತ್ತು.

ಹೂಳಲು ಎತ್ತುವಾಗ ಸೊಂಟದ ರೋಮದಡಿ ಕೈಗೆ ಒದ್ದೆ ತಾಗಿತು. ಕೀವು. ಒಳಗೆ ಹೆಬ್ಬೆರಳುದ್ದದ ಬಿದಿರಿನ ಸಿಬಿರು. ಸುಶೀಲೆ ಹತ್ತಿರ ಬಂದು ನೋಡಿದಳು.

"ಅದು ಹೇಳ್ತಾ ಇತ್ತು. ನೀವು ಬಾಯಿ ಮುಚ್ಚಿಸಿದಿರಿ."

ಅಮ್ಮನ ಅಂಗೈ ತಿಂಗಳಲ್ಲಿ ಮಾಯಿತು. ಸುಶೀಲೆ ಮಾತ್ರ ಆಮೇಲೆ ನನಗೆ ಎದುರಾಡಿದ್ದಿಲ್ಲ. ನಮ್ಮ ಮನೆಯಲ್ಲಿ ಎಷ್ಟು ಶಾಂತಿ ಎಂದು ಬಂದವರು ಹೊಗಳುತ್ತಾರೆ. ನೀವು ಬಂದರೂ ಹಾಗೇ ಹೇಳುತ್ತೀರಿ.

ಇವತ್ತು ಎದ್ದು ಅಡುಗೆಮನೆಗೆ ಹೋದೆ. ಅವಳು ಗೋಡೆ ಹಿಡಿದು ಮೆಲ್ಲನೆ ಏಳುತ್ತಿದ್ದಳು. ಎಷ್ಟು ದಿನದಿಂದ ಹಾಗೆ ಏಳುತ್ತಿದ್ದಾಳೋ, ನನಗೆ ಗೊತ್ತಿಲ್ಲ.

"ಎಲ್ಲಿ ನೋವು?" ಎಂದು ಕೇಳಿದೆ.

"ಎಂತದೂ ಇಲ್ಲ. ಕಾಫಿ ತರ್ತೇನೆ, ನೀವು ಹೋಗಿ."

ನಾನು ಹೋಗಲಿಲ್ಲ. ಮಣೆ ಎಳೆದು ಅಲ್ಲೇ ಕೂತೆ. ಬಹಳ ಹೊತ್ತು ಕೂತೆ. ಅವಳು ಕಾಫಿ ಲೋಟ ನನ್ನ ಮುಂದಿಟ್ಟು, ಮತ್ತೆ ಗೋಡೆ ಹಿಡಿದಳು.