ಬಾಳೆಹಣ್ಣಿನೊಳಗೆ ಉಳ್ಳಾಗಡ್ಡಿ

ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ನಾನು ಗೋಕಾಕದ ಕಾಲೇಜೊಂದರಲ್ಲಿ ಬಿ.ಎಸ್ಸಿ. ವಿದ್ಯಾರ್ಥಿಗಳಿಗೆ ಸಸ್ಯಶಾಸ್ತ್ರ ಕಲಿಸುತ್ತಿದ್ದೆ. ಒಂದು ಜೀವಿಯ ಜೀನ್ ಇನ್ನೊಂದಕ್ಕೆ ಸೇರಿಸಿ ಬೆಳೆಸುವ ಕುಲಾಂತರಿ ಬೆಳೆಗಳ ಪಾಠ ನಮಗೆಲ್ಲ ಹೊಸತು. ಡಿಎನ್‌ಎ ಒಮ್ಮೆ ಕಣ್ಣಿಗೆ ಬಿದ್ದರೆ ಹುಡುಗರಿಗೆ ನಂಬಿಕೆ ಬಂದೀತೆಂದು ಉಳ್ಳಾಗಡ್ಡಿ, ಅಂದರೆ ಈರುಳ್ಳಿ, ಅರೆದು, ಸೋಪಿನ ನೀರು, ಉಪ್ಪು ಬೆರೆಸಿ ಸೋಸಿ, ಮೇಲೆ ತಣ್ಣನೆಯ ಸ್ಪಿರಿಟ್ ಸುರಿಯುವ ಪ್ರಯೋಗ ಇಟ್ಟುಕೊಂಡಿದ್ದೆ.

ಕಲ್ಲೋಳಿಯಿಂದ ಬಸ್ಸಿನಲ್ಲಿ ಬರುತ್ತಿದ್ದ ಜೈನರ ಹುಡುಗಿಯೊಬ್ಬಳು ಮೇಜಿನ ಹತ್ತಿರ ಬರದೆ ನಿಂತಿದ್ದಳು. ಮನೆಯಲ್ಲಿ ಉಳ್ಳಾಗಡ್ಡಿ ಮುಟ್ಟುವುದಿಲ್ಲ, ಬಾಳೆಹಣ್ಣಿನಲ್ಲಿ ಮಾಡಬಹುದೇ ಎಂದು ಕೇಳಿದಳು. ಮಾಡು ಅಂದೆ. ಉಳ್ಳಾಗಡ್ಡಿಯದು, ಬಾಳೆಹಣ್ಣಿನದು, ಎರಡೂ ಗಾಜಿನ ನಳಿಕೆಗಳಲ್ಲಿ ಡಿಎನ್‌ಎಯ ಒಂದೇ ಥರದ ಬಿಳಿ ಎಳೆಗಳು ಮೇಲೆದ್ದವು. ಅವಳು ಬಹಳ ಹೊತ್ತು ನೋಡಿದಳು.

"ಸರ್, ಉಳ್ಳಾಗಡ್ಡಿದೊಂದು ಜೀನ್ ತಗದು ಬಾಳಿಗಿಡಕ್ಕ ಹಾಕಿದ್ರು ಅನ್ರಿ. ಆ ಹಣ್ಣು ನಮ್ಮ ಆಯಿ ತಿನಬಹುದೇನ್ರಿ?"

ಕೆಲವರು ನಕ್ಕರು. ಜೀನ್ ಅಂದರೆ ಬರೀ ರಾಸಾಯನಿಕ, ಅದರಲ್ಲಿ ಉಳ್ಳಾಗಡ್ಡಿ ಎಲ್ಲಿಂದ ಬಂತು ಎಂದು ಒಬ್ಬ ವಾದಿಸಿದ. ಹಾಗಾದರೆ ಆ ಹಣ್ಣನ್ನು ಅಜ್ಜಿಗೆ ಹೇಳಿ ಕೊಡುತ್ತೀಯೋ, ಹೇಳದೆ ಕೊಡುತ್ತೀಯೋ ಎಂದು ಹುಕ್ಕೇರಿ ಕಡೆಯ ಹುಡುಗಿಯೊಬ್ಬಳು ಅವನನ್ನು ಕೇಳಿದಳು.

ಅದೇ ವಾರ ಕಲ್ಲೋಳಿ ಹುಡುಗಿಯ ತಂದೆ ಕಾಲೇಜಿಗೆ ಬಂದರು. ಜಗಳಕ್ಕೇ ಬಂದಿದ್ದಾರೆಂದು ನನಗೆ ಅಳುಕು. ಅವರು ಮೆಲ್ಲಗೆ ಕೂತು, ಮಗಳ ಮಾತು ಮನೆಮಂದಿಯ ತಲೆ ಕೆಡಿಸಿದೆ, ಅಂಥ ಹಣ್ಣನ್ನು ನೋಡಿ ಗುರುತು ಹಿಡಿಯಬಹುದೇ ಎಂದರು. ಅಂಥದ್ದು ಇನ್ನೂ ಪೇಟೆಗೆ ಬಂದಿಲ್ಲ, ಬಂದರೂ ನೋಡಿ ತಿಳಿಯುವಂತಿಲ್ಲ, ಮಾರುವವರೇ ಬರೆದು ಹೇಳಬೇಕು ಅಂದೆ.

"ಬರೀಲಿಲ್ಲಂದ್ರ?"

"ಬರೀರಿ ಅಂತ ಕೇಳೂವಷ್ಟು ಈ ಹುಡುಗರಿಗೆ ಕಲಸಾಕತ್ತೇನ್ರಿ."

ಅವರು ಚಹಾ ಮುಗಿಸಿ ಹೊರಟರು. ಸಮಾಧಾನವಾಯಿತೋ ಇಲ್ಲವೋ, ಮುಖದಿಂದ ತಿಳಿಯಲಿಲ್ಲ. ನನಗಂತೂ ಆಗಿರಲಿಲ್ಲ.

ಮುಂದಿನ ತರಗತಿಯಲ್ಲಿ, ಬರೆಯದಿದ್ದರೆ ಎಂಬ ಅವರ ಪ್ರಶ್ನೆಯನ್ನೇ ಹಲಗೆಯ ಮೇಲೆ ಬರೆದೆ. ಆಗ, ಯಾವತ್ತೂ ಬಾಯಿಬಿಡದ ಮೂಡಲಗಿಯ ಹುಡುಗನೊಬ್ಬ ಎದ್ದು ನಿಂತ. ಹತ್ತಿಗೆ ಹುಳದ ಔಷಧ ಹೊಡೆಯುತ್ತ ಅವನ ಅಪ್ಪ ಹೊಲದಲ್ಲೇ ವಾಂತಿ ಮಾಡಿಕೊಂಡು ಬಿದ್ದಿದ್ದರಂತೆ. ಹುಳ ತಡೆಯುವ ಜೀನ್ ಎಲ್ಲಿಂದ ಬಂದರೂ ತನಗೆ ಬೇಕು ಅಂದ. ಕಲ್ಲೋಳಿ ಹುಡುಗಿ ಅವನಿಗೆ ಎದುರಾಡಲಿಲ್ಲ. ಅವನಿಗೆ ಬೇಕೆನ್ನುವ ಹಕ್ಕಿದ್ದಂತೆ ತನ್ನ ಆಯಿಗೆ ಬೇಡವೆನ್ನುವ ಹಕ್ಕೂ ಇರಲಿ ಎಂದಳು, ಅಷ್ಟೇ. ಗಂಟೆ ಬಾರಿಸಿದರೂ ಯಾರೂ ಏಳಲಿಲ್ಲ. ನನ್ನ ಅಭಿಪ್ರಾಯ ಕೇಳಿದರು. ಇನ್ನೂ ಯೋಚಿಸುತ್ತಿದ್ದೇನೆ ಅಂದೆ. ಅದು ನಿಜವೂ ಆಗಿತ್ತು.

ಕಲ್ಲೋಳಿ ಹುಡುಗಿ ಮುಂದೆ ಜೀನ್‌ಗಳನ್ನು ಕುರಿತ ತಳಿಶಾಸ್ತ್ರವನ್ನೇ ಆರಿಸಿಕೊಂಡು ಧಾರವಾಡಕ್ಕೆ ಓದಲು ಹೋದಳು. ಬಸ್ಸು ಹತ್ತಿಸಲು ತಂದೆಯೇ ಬಂದಿದ್ದರು.