ಒಂದೇ ಬಣ್ಣದ ಮೂರು ಗ್ಲಾಸು

ನಮ್ಮ ಮನೆಯಲ್ಲಿ ಯಾರಿಗೂ ಕೆಮ್ಮಿಲ್ಲ. ಆದರೂ ಕೆಮ್ಮಿನ ಔಷಧದ ಬಾಟಲಿಯ ಮೇಲೆ ಬರುತ್ತದಲ್ಲ, ಗೆರೆ ಹಾಕಿದ ಪ್ಲಾಸ್ಟಿಕ್ ಅಳತೆ ಮುಚ್ಚಳ, ಅದೊಂದು ನಮ್ಮ ಅಡುಗೆಮನೆಯ ಕಟ್ಟೆಯ ಮೇಲೆ ಸದಾ ತೊಳೆದು ಬೋರಲು ಹಾಕಿರುತ್ತದೆ. ಬಂದ ನೆಂಟರು ಅದನ್ನು ಕಂಡು ಮೈಸೂರಿನ ಹವೆ ಮೊದಲಿನ ಹಾಗಿಲ್ಲ ಎಂದು ಮರುಗುತ್ತಾರೆ, ದೊಡ್ಡಪತ್ರೆ ಕಷಾಯ ಹೇಳಿಕೊಡುತ್ತಾರೆ. ನಾನು ತಲೆಯಾಡಿಸುತ್ತೇನೆ. ಸುಳ್ಳು ಹೇಳುವುದಿಲ್ಲ, ಕೇಳದ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ, ಅಷ್ಟೆ. ಅದರಲ್ಲಿ ನಾನು ರಮ್ ಅಳೆಯುತ್ತೇನೆ.

ಅಳತೆಯ ಚಟ ಪತ್ರಿಕೆಯ ಡೆಸ್ಕಿನಿಂದ ಬಂದದ್ದು. ವರದಿಯಲ್ಲಿ ‘ಅಪಾರ ಜನಸ್ತೋಮ’ ಎಂದು ಕಂಡರೆ ಎಷ್ಟು ಜನ ಎಂದು ಕೇಳಿ, ಉತ್ತರ ಬರದಿದ್ದರೆ ಹೊಡೆದುಹಾಕಿ ಬದುಕಿದವಳು ನಾನು. ಗ್ಲಾಸಿನ ವಿಷಯದಲ್ಲೂ ‘ಒಂದಿಷ್ಟು’, ‘ರುಚಿಗೆ ತಕ್ಕಷ್ಟು’ ನನಗೆ ಒಗ್ಗುವುದಿಲ್ಲ. ನನ್ನ ಗಂಡ ಕೇಶವ ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಟ್ಟವರು. ಹನಿ ಹನಿ ಲೆಕ್ಕ ಹಾಕಿ ಮಕ್ಕಳ ಅಂಕ ಕತ್ತರಿಸಿದ ಆ ಮಹಾನುಭಾವರು ಮನೆಯಲ್ಲಿ ಮಾತ್ರ ಕಣ್ಣಳತೆಯಲ್ಲಿ ಸುರಿಯುತ್ತಾರೆ. ಹಾಗಾಗಿ ಭಾನುವಾರ ಸಂಜೆಯ ಬೆರಕೆಯ ಕೆಲಸ ನನ್ನದೇ.

ಈ ಬೆರಕೆ ಪರದೇಶದ ವಿದ್ಯೆ ಎಂದು ನಾನು ಒಪ್ಪುವುದಿಲ್ಲ. ರಾಮನವಮಿಯ ಪಾನಕವನ್ನು ನೆನೆಸಿಕೊಳ್ಳಿ. ಬೆಲ್ಲದ ಸಿಹಿ, ನಿಂಬೆಯ ಹುಳಿ, ಮೆಣಸಿನ ಖಾರ, ಏಲಕ್ಕಿಯ ಘಮ, ಮಣ್ಣಿನ ಮಡಕೆಯ ತಂಪು. ಹೋಟೆಲಿನ ಬಾರಿನಲ್ಲಿ ಕಪ್ಪು ವೇಸ್ಟ್‌ಕೋಟು ತೊಟ್ಟವನು ಕಲಿಯುವುದೂ ಇದನ್ನೇ. ಒಂದು ಪದಾರ್ಥ ನಮ್ಮ ಅಜ್ಜಿಯರು ಬಿಟ್ಟಿದ್ದರು, ನಾನು ಸೇರಿಸಿಕೊಂಡೆ.

ಸೇರಿಸಿದ್ದೆಲ್ಲ ಕೂಡಿಬಂತು ಎಂದಲ್ಲ. ವೋಡ್ಕಾದಲ್ಲಿ ಮೈಸೂರು ಮಲ್ಲಿಗೆ ನೆನೆಹಾಕಿದೆ. ಕುಡಿದರೆ ಮದುವೆಮನೆಯಲ್ಲಿ ಯಾರದೋ ಜಡೆ ಬಾಯಿಗೆ ಬಂದ ಹಾಗಾಯಿತು. ರಮ್ಮಿಗೆ ಫಿಲ್ಟರಿನ ಮೊದಲ ಡಿಕಾಕ್ಷನ್ ಬೆರೆಸಿದ ದಿನ ಕೇಶವ ಒಂದು ಗುಟುಕು ಕುಡಿದು, “ರಮ್ ಹೋಗ್ಲಿ, ಕಾಫೀನ ಯಾಕೆ ಕೊಂದೆ ಕಣೆ?” ಎಂದರು. ಗೆದ್ದದ್ದು ಎರಡು. ಎಳೆಯ ವೀಳ್ಯದೆಲೆಯನ್ನು ಕೈಯಲ್ಲಿ ಹಿಸುಕಿ ಜಿನ್ನಿಗೆ ಹಾಕುವುದು ಒಂದು. ಹಳೆಯ ರಮ್ಮಿಗೆ ಸೊಗದೆ ಬೇರಿನ ಶರಬತ್ತು, ನಿಂಬೆ, ಸೋಡಾ ಸೇರಿಸುವುದು ಇನ್ನೊಂದು. ಎರಡನೆಯದಕ್ಕೆ ಒಬ್ಬ ಅಭಿಮಾನಿಯಿದ್ದರು. ಅವರಿಂದಲೇ ಈ ಬರಹ.

ಅವರು ಪುಟ್ಟಸ್ವಾಮಿ, ಇಲವಾಲದವರು, ನಮ್ಮ ಪತ್ರಿಕೆಯ ಫೋಟೋಗ್ರಾಫರ್ ಆಗಿದ್ದವರು. ಭಾನುವಾರ ಸಂಜೆ ಆರಕ್ಕೆ ನಮ್ಮ ತಾರಸಿಗೆ ಬರುವ ಮೂರನೆಯ ವ್ಯಕ್ತಿ ಅವರೊಬ್ಬರೇ. ನಾನು ಮತ್ತು ಕೇಶವ ಒಂದೊಂದು ಗ್ಲಾಸಿಗೆ ಮುಗಿಸುತ್ತಿದ್ದೆವು. ಅವರು ಇಲ್ಲಿ ಒಂದು ಮುಗಿಸಿ, ಉಳಿದದ್ದನ್ನು ಬೇರೆಲ್ಲೋ ಮುಂದುವರಿಸುತ್ತಿದ್ದರು. ಅದು ನನಗೆ ತಿಳಿದದ್ದು ಅವರ ಲಿವರ್ ಕೆಟ್ಟು ಆಸ್ಪತ್ರೆ ಸೇರಿದಾಗ. ಇಷ್ಟು ವರ್ಷ ಪಕ್ಕದ ಕುರ್ಚಿಯಲ್ಲಿದ್ದವರ ಸುದ್ದಿ ಹಿಡಿಯದವಳು ಎಂಥ ಪತ್ರಕರ್ತೆ ಎಂದು ನೀವು ಕೇಳಬಹುದು. ನಾನೂ ಕೇಳಿಕೊಂಡೆ.

ಅವರು ಬಿಟ್ಟರು. ಕುಡಿತದ ಜೊತೆಗೆ ನಮ್ಮ ತಾರಸಿಯನ್ನೂ ಬಿಟ್ಟರು. ಫೋನು ಮಾಡಿದರೆ, “ನಾ ಬರಾಕಿಲ್ಲ ಮೇಡಂ. ನೀವು ಒಂದಕ್ಕೆ ನಿಲ್ಲುಸ್ತೀರ, ನಂಗಾಗಕಿಲ್ಲ. ಒಂದ್ ಗುಟುಕು ಒಳಕ್ಕೋದ್ರೆ ಎಲ್ಲಾ ಮೊದ್ಲಿಂದ ಸುರುವಾಗ್ಬುಡ್ತದೆ. ಡಾಕ್ಟ್ರು ಹೇಳವ್ರೆ, ಇನ್ನೊಂದ್ ಸಲ ಆದ್ರೆ ನನ್ನತ್ರ ಬರ್ಬೇಡ, ಅಂತ” ಎಂದರು.

ನಾವೂ ಕುಡಿಯುವುದಿಲ್ಲ, ಬನ್ನಿ ಎಂದೆ. ಅದಕ್ಕೆ ಅವರು ಒಪ್ಪಲಿಲ್ಲ. “ನನ್ನಿಂದ ನೀವ್ಯಾಕ್ ಉಪವಾಸ ಮಾಡೀರಿ? ಸಾವಿನ್ ಮನೆಗೆ ಬಂದಂಗಾಯ್ತದೆ.”

ಆಗ ನಾನು ನಿಜವಾದ ಬೆರಕೆ ಕಲಿತೆ. ರಮ್ಮಿಲ್ಲದೆ ರಮ್ಮಿನ ಗಾಂಭೀರ್ಯ ತರುವುದು ಸುಲಭವಲ್ಲ. ಬರೀ ಶರಬತ್ತು ಕೊಟ್ಟರೆ ದೊಡ್ಡವರಿಗೆ ಹುಟ್ಟುಹಬ್ಬದ ಟೋಪಿ ಹಾಕಿದ ಹಾಗೆ. ಬೇಕಾದದ್ದು ಕಹಿ. ಹೇರಳೆಕಾಯಿ ಸಿಪ್ಪೆಯನ್ನು ಶುಂಠಿಯ ಜೊತೆ ಕುದಿಸಿ, ಸೋಸಿ, ಸೊಗದೆ ಬೇರಿನ ಶರಬತ್ತಿಗೆ ಮೂರು ಮುಚ್ಚಳ ಸೇರಿಸಿದೆ. ಚಿಟಿಕೆ ಉಪ್ಪು. ಸೋಡಾ. ಬಣ್ಣವೂ ರಮ್ಮಿನದೇ ಬಂತು. ಪುಟ್ಟಸ್ವಾಮಿ ಬಂದರು, ಕುಡಿದರು. “ಇದ್ರಲ್ಲಿ ಸಿಟ್ಟದೆ ಮೇಡಂ. ಚೆನ್ನಾಗದೆ” ಎಂದರು.

ಮೂರು ಗ್ಲಾಸೂ ಒಂದೇ ಥರ ಇರಬೇಕೆಂಬುದು ನನ್ನ ಹಟ. ಒಂದೇ ಗಾಜು, ಒಂದೇ ಬಣ್ಣ, ಅಂಚಿಗೆ ಒಂದೇ ನಿಂಬೆಯ ಬಿಲ್ಲೆ. ಪಂಕ್ತಿಭೇದ ಮಾಡಬಾರದೆಂದು ಕೇಳಿಕೊಂಡು, ಆ ಭೇದವನ್ನೇ ಕಣ್ಣಾರೆ ನೋಡಿಕೊಂಡು ಬೆಳೆದವಳು ನಾನು. ಊಟದ ಸಾಲಿನ ಮೇಲ್ತುದಿಯಲ್ಲಿ ಸುರಿದ ತುಪ್ಪ ಕೆಳತುದಿಗೆ ಬರುವಷ್ಟರಲ್ಲಿ ಬರೀ ಮಿಳ್ಳೆಯ ಸದ್ದಾಗುತ್ತಿತ್ತು. ನಮ್ಮ ತಾರಸಿಯ ಪಂಕ್ತಿಯಲ್ಲಿ ಯಾರೂ ‘ಬಿಟ್ಟವರು’ ಎಂದು ಕಾಣಬಾರದು. ಪುಟ್ಟಸ್ವಾಮಿಯವರ ಗ್ಲಾಸು ಯಾವಾಗಲೂ ತಟ್ಟೆಯ ಎಡಗಡೆ. ಅದು ನನಗೊಬ್ಬಳಿಗೆ ಗೊತ್ತಿದ್ದರೆ ಸಾಕು. ಏಳು ತಿಂಗಳು ಹಾಗೇ ನಡೆಯಿತು.

ಒಂದು ಭಾನುವಾರ ತಾರಸಿಯ ಮೆಟ್ಟಿಲಿನ ತಿರುವಿನಲ್ಲಿ ಕೇಶವ ಒಣಗಿದ ಬಟ್ಟೆಯ ಗಂಟು ಇಟ್ಟಿದ್ದರು. ತಟ್ಟೆ ಹಿಡಿದು ಹತ್ತಿದವಳು ಗಂಟನ್ನು ದಾಟಲು ತಟ್ಟೆಯನ್ನು ಅರ್ಧ ಸುತ್ತು ತಿರುಗಿಸಿದೆ. ಮೇಲೆ ಹೋಗಿ, ಮಾತಾಡುತ್ತಲೇ ಎಡಗಡೆಯ ಗ್ಲಾಸು ತೆಗೆದು ಪುಟ್ಟಸ್ವಾಮಿಯವರಿಗೆ ಕೊಟ್ಟೆ.

ಅವರು ತುಟಿಯ ಹತ್ತಿರ ತಂದರು. ಅಲ್ಲೇ ನಿಲ್ಲಿಸಿದರು. ಆಮೇಲೆ ನಿಧಾನವಾಗಿ, ತುಂಬಿದ ದೀಪ ಇಡುವವರ ಹಾಗೆ, ಗ್ಲಾಸನ್ನು ಕಟ್ಟೆಯ ಮೇಲಿಟ್ಟರು.

“ಮೇಡಂ, ಇದು ನಂದಲ್ಲ ಕಣ್ರೀ.”

ಕೇಶವ ಉಳಿದ ಎರಡೂ ಗ್ಲಾಸು ಮೂಸಿ ನೋಡಿ ಅದಲು ಬದಲು ಮಾಡಲು ಕೈ ಚಾಚಿದರು. ಪುಟ್ಟಸ್ವಾಮಿ ಬೇಡವೆಂದು ತಲೆಯಾಡಿಸಿ ಎದ್ದು, ತಾರಸಿಯ ಆ ತುದಿಗೆ ಹೋಗಿ ಚಾಮುಂಡಿ ಬೆಟ್ಟದ ಕಡೆ ಮುಖ ಮಾಡಿ ನಿಂತರು. ಪತ್ರಿಕೆಯಲ್ಲಿ ತಪ್ಪಾದರೆ ಮರುದಿನ ಒಳಪುಟದ ಮೂಲೆಯಲ್ಲಿ ಎರಡು ಸಾಲಿನ ವಿಷಾದ ಅಚ್ಚಾಗುತ್ತದೆ. ನಾನು ಅಂಥ ಎಷ್ಟೋ ಸಾಲು ಬರೆದಿದ್ದೇನೆ. ಅವತ್ತು ಆ ಉದ್ದ ತಾರಸಿಯನ್ನು ದಾಟಿ ಹೋಗಿ, “ತಪ್ಪು ನನ್ನದು ಪುಟ್ಟಸ್ವಾಮಿ” ಎನ್ನುವುದಕ್ಕೆ ಅವೆಲ್ಲಕ್ಕಿಂತ ಹೆಚ್ಚು ಹೊತ್ತು ಬೇಕಾಯಿತು.

“ಬಾಯಿ ತಂಕ ಬಂದಿತ್ತು” ಎಂದರು, ತಿರುಗದೆ. “ವಾಸ್ನೆ ಬಡೀತಲೂವೆ ಕೈ ತಾನಾಗೇ ಬಗ್ಗುಸ್ತಿತ್ತು. ನಿಲ್ಲುಸ್ದೆ. ಎಂಗ್ ನಿಲ್ಲುಸ್ದ್ನೋ ಗೊತ್ತಿಲ್ಲ.” ನೀರು ಕೇಳಿ ಕುಡಿದು ಹೊರಟರು.

ಆ ವಾರ ನಾನು ಫೋನು ಮಾಡಲಿಲ್ಲ. ಮಾಡಿದರೆ ಅವರ ಮೇಲೆ ಒತ್ತಾಯ, ಮಾಡದಿದ್ದರೆ ಅಸಡ್ಡೆ. ಗುರುವಾರ ಅವರೇ ಮಾಡಿದರು.

“ಭಾನುವಾರ ಬತ್ತೀನಿ. ಆದ್ರೆ ನನ್ ಲೋಟ ಬ್ಯಾರೆ ಇರ್ಲಿ.”

ಅರಮನೆಯ ಚಾಕರಿಯಲ್ಲಿದ್ದ ನಮ್ಮ ತಾತನ ಮನೆಯ ಹಿತ್ತಲ ಕಿಟಕಿಯಲ್ಲಿ, ಹಳ್ಳಿಯಿಂದ ಬಂದವರಿಗೆಂದೇ ಒಂದು ಬೇರೆ ಲೋಟ ಇರುತ್ತಿತ್ತು. ನೀರು ಎತ್ತರದಿಂದ ಹೊಯ್ಯುತ್ತಿದ್ದರು. ಅದನ್ನು ಪುಟ್ಟಸ್ವಾಮಿಯವರಿಗೆ ಎಂದೋ ಹೇಳಿಕೊಂಡಿದ್ದೆ. ಬೇರೆ ಲೋಟ ನನ್ನ ಕೈಯಲ್ಲಿ ಆಗದು ಎಂದು ತೊದಲಿದೆ.

“ಗೊತ್ತು ಕಣ್ರೀ. ಅದು ನಿಮ್ಮೋರು ಇಟ್ಟಿದ್ದು. ಇದು ನಾನು ಇಡುಸ್ತಿರದು” ಎಂದರು. “ಒಂದೇ ಅಲ್ಲ ಅದು.”

ಸಮಾನತೆಯ ಬಗ್ಗೆ ಸಂಪಾದಕೀಯಗಳನ್ನು ತಿದ್ದಿದವಳಿಗೆ ಇದು ಹೊಳೆದಿರಲಿಲ್ಲ. ಪಂಕ್ತಿಯಲ್ಲಿ ಭೇದ ಕಾಣಬಾರದೆಂದು ನಾನು ಒದ್ದಾಡಿದ್ದು ಅವರ ಮಾನಕ್ಕೋ, ನನ್ನ ನೆಮ್ಮದಿಗೋ? ಅವರನ್ನು ಎಂದೂ ಕೇಳಿರಲಿಲ್ಲ.

ಭಾನುವಾರ ಆರಕ್ಕೆ ಬಂದರು. ಚೀಲದಿಂದ ಒಂದು ಸ್ಟೀಲ್ ಲೋಟ ತೆಗೆದರು. ಪಾತ್ರೆ ಅಂಗಡಿಯಲ್ಲಿ ಚುಕ್ಕಿ ಚುಕ್ಕಿಯಾಗಿ ಹೆಸರು ಕೊರೆಸಿದ್ದರು: ಪುಟ್ಟಸ್ವಾಮಿ, ಇಲವಾಲ.

“ಫೋಟೋ ಕೆಳ್ಗೆ ಹೆಸ್ರಾಕಿ ಅಂತ ನಿಮ್ ಡೆಸ್ಕಿನೋರ್ಗೆ ಏಟ್ ಸಲ ಬಡ್ಕೊಂಡೆ, ಜಾಗ ಇಲ್ಲ ಅಂತ ಕಿತ್ತಾಕ್ತಿದ್ರಿ. ಈಗ ಕಿತ್ತಾಕಿ ನೋಡುಮಾ.”

ಕೇಶವ ನಕ್ಕರು. ನಾನು ಕಣ್ಣೊರೆಸಿಕೊಂಡೆ, ಶುಂಠಿ ಜಜ್ಜುತ್ತಿದ್ದೆ ಎಂದು ಬರೆದುಕೊಳ್ಳಿ.

ಆರೋಗ್ಯದ ದೃಷ್ಟಿಯಿಂದ ಅವರು ಉಳಿದದ್ದು ದೊಡ್ಡದು. ನನ್ನ ಲಾಭ ಅದಕ್ಕಿಂತ ಸಣ್ಣದು, ಆದರೆ ವಾರ ವಾರ ಸಿಗುವಂಥದು: ತಪ್ಪು ಮಾಡಿದವಳ ಮನೆಗೆ ತನ್ನದೇ ಲೋಟ ಹಿಡಿದು ವಾಪಸು ಬರುವ ಗೆಳೆಯ. ಎಷ್ಟು ಮಂದಿಗೆ ಹೀಗೆ ಸಿಕ್ಕಿದೆ ಎಂದು ಕೇಳಿದರೆ ನನ್ನ ಬಳಿ ಅಂಕಿ ಇಲ್ಲ. ‘ಅಪಾರ’ ಎಂಬ ಪದವನ್ನು ಈ ಕೃತಜ್ಞತೆಗೆ ಒಂದು ಸಲ ಬಿಟ್ಟುಕೊಡುತ್ತೇನೆ.

ಈಗ ಭಾನುವಾರ ಮೊದಲು ತುಂಬುವುದು ಆ ಸ್ಟೀಲ್ ಲೋಟ. ಅದನ್ನು ಮೇಲೆ ಒಯ್ದು ಅವರ ಕೈಗಿಟ್ಟು, ಅವರು ಒಂದು ಗುಟುಕು ಕುಡಿದು “ಹೂಂ” ಎಂದ ಮೇಲೆಯೇ ಕೆಳಗಿಳಿದು ರಮ್ಮಿನ ಬಾಟಲಿ ಮುಟ್ಟುತ್ತೇನೆ. ನಮ್ಮಿಬ್ಬರ ಗ್ಲಾಸು ತಡವಾಗಿ ಬರುತ್ತದೆ, ತೆಗೆದಿಟ್ಟ ಐಸು ಅಷ್ಟರಲ್ಲಿ ಕರಗಿರುತ್ತದೆ ಎಂದು ಕೇಶವ ಗೊಣಗುತ್ತಾರೆ. ಕರಗಲಿ.